ಕೈ ಹಿಡಿದು ನಡೆಸುವವನು

ಕೋಪರಖೈರಣೆ
6 ಅಕ್ಟೋಬರ್ 2024

ಚಿ. ವಿಶ್ರುತನಿಗೆ,

ಹೆಸರಿನ ಹಿಂದೆ ‘ಚಿರಂಜೀವಿ’ ಎಂದು ಬರೆಯಲು ಹೊರಟರೆ ಈಗ ಕೈ ತಡೆಯುತ್ತದೆ. ಮಗ ಅಭಿಗೆ ಬರೆದಾಗಲೆಲ್ಲ ಹಾಗೇ ಬರೆದೆ. ಆದರೂ ನಿನಗೂ ಬರೆದಿದ್ದೇನೆ. ಹಿರಿಯರು ಕಿರಿಯರಿಗೆ ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯದು.

ಫೋನ್ ಮಾಡಬಹುದಿತ್ತು. ಅವನ ಹೆಸರು ಬರುವಷ್ಟರಲ್ಲಿ ಫೋನನ್ನು ಕೆಳಗಿಟ್ಟುಬಿಡುತ್ತೇನೆ, ಆ ಕಡೆಯವರು ‘ಹಲೋ ಹಲೋ’ ಎನ್ನುತ್ತಲೇ ಇರುತ್ತಾರೆ. ನೀನು ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಓದಿದವನು. ನಾವು ನಿಮ್ಮ ಬಿಲ್ಡಿಂಗಿನಲ್ಲೇ ಇದ್ದ ದಿನಗಳಲ್ಲಿ ಅಭಿಯೂ ನೀನೂ ನಮ್ಮ ವರಾಂಡದಲ್ಲಿ ಕೂತು ಕಾಪಿ ಬರೆಯುತ್ತಿದ್ದಿರಿ. ಹಾಗಾಗಿ ಕಾಗದವನ್ನು ಓದುತ್ತೀ ಎಂದು ನಂಬಿದ್ದೇನೆ.

ವಿಷಯ ಇಷ್ಟೆ. ರೈಲ್ವೆ ಪೊಲೀಸರು ಅಭಿಯ ಬ್ಯಾಗನ್ನು ಕೊಟ್ಟು ತಿಂಗಳುಗಳಾದವು. ಅದನ್ನು ತೆರೆಯುವ ಧೈರ್ಯ ಬಂದದ್ದು ಮೊನ್ನೆ, ಪಿತೃಪಕ್ಷ ಮುಗಿದ ಮೇಲೆ. ಆಫೀಸಿನ ಗುರುತಿನ ಚೀಟಿಯ ಹಿಂದೆ ದಪ್ಪ ಕಾಗದದ ಒಂದು ಪುಟ್ಟ ಚಿತ್ರ ಇತ್ತು. ಒಬ್ಬ ಯುವಕ. ತಲೆಗೆ ಅಗಲ ಅಂಚಿನ ಟೋಪಿ, ಕೈಯಲ್ಲಿ ಎರಡು ಹಾವು ಸುತ್ತಿದ ಕೋಲು, ಚಪ್ಪಲಿಗೆ ರೆಕ್ಕೆ. ಮೂಲೆಯಲ್ಲಿ ನಿನ್ನ ಸಹಿ. ನಿನ್ನ ರುಕ್ಮಿಣಿ ಆಂಟಿ ನೋಡಿ, ಯಾವುದೋ ಬೂಟಿನ ಜಾಹೀರಾತು ಇರಬೇಕು ಅಂದಳು.

ಇವನು ಯಾರು? ಅಭಿ ಇವನನ್ನು ಏಕೆ ಇಟ್ಟುಕೊಂಡಿದ್ದ?

ಜೂನಿನ ಆ ಸಂಜೆ ಅವನು ಐರೋಲಿಯ ಆಫೀಸಿನಿಂದ ನಿಮ್ಮ ಮನೆಗೆಂದೇ ಹೊರಟಿದ್ದ ಎಂಬುದು ನಿನ್ನನ್ನು ತಿನ್ನುತ್ತಿರಬಹುದು. ಪ್ರತಿ ಗುರುವಾರ ಬರುತ್ತಿದ್ದವನು ಆ ಗುರುವಾರವೂ ಹೊರಟ. ದಿವಾ ಸ್ಟೇಷನ್ ದಾಟಿದ ಮೇಲೆ ಲೋಕಲ್ ಟ್ರೇನಿನ ಬಾಗಿಲಲ್ಲಿದ್ದವರೆಲ್ಲ ಉಳಿದರು, ಅವನೊಬ್ಬ ಬಿದ್ದ. ಅದರಲ್ಲಿ ನಿನ್ನದೇನೂ ಇಲ್ಲ. ಇದನ್ನು ಹೇಳಬೇಕೆಂದು ಬಹಳ ದಿನದಿಂದ ಇತ್ತು.

ಉತ್ತರ ಕಾಯುವ
ಲಕ್ಷ್ಮೀಕಾಂತ

*

ಡೊಂಬಿವಲಿ ಪೂರ್ವ
20 ಅಕ್ಟೋಬರ್ 2024

ಲಕ್ಷ್ಮೀಕಾಂತ ಅಂಕಲ್‌ಗೆ ನಮಸ್ಕಾರಗಳು.

ಕನ್ನಡದಲ್ಲಿ ಇಷ್ಟುದ್ದ ಬರೆದು ವರ್ಷಗಳಾಯಿತು. ಕಾಗುಣಿತ ಅಮ್ಮನಿಂದ ತಿದ್ದಿಸಿದ್ದೇನೆ. ಉಳಿದ ತಪ್ಪುಗಳು ನನ್ನವು.

ಅವನ ಹೆಸರು ಹರ್ಮಿಸ್. ಹಳೆಯ ಗ್ರೀಕರ ದೇವರು. ದಾರಿಯ ದೇವರು, ಪ್ರಯಾಣಿಕರನ್ನು ಕಾಯುವವನು, ಸುದ್ದಿ ಮುಟ್ಟಿಸುವವನು.

ನಾನು ಕಲಾಶಾಲೆಗೆ ಸೇರಿದಾಗ ಮೊದಲ ವರ್ಷ ಗ್ರೀಕ್ ದೇವರ ಪ್ಲಾಸ್ಟರ್ ತಲೆಗಳನ್ನು ನೋಡಿ ಇದ್ದಿಲಿನಲ್ಲಿ ಬಿಡಿಸುವುದೇ ಅಭ್ಯಾಸ. ಬ್ರಿಟಿಷರ ಕಾಲದ ತಲೆಗಳು, ಕೆಲವಕ್ಕೆ ಮೂಗಿಲ್ಲ. ಹರ್ಮಿಸನ ತಲೆ ಕಿಟಕಿಯ ಹತ್ತಿರ ಇತ್ತು. ಒಂದೇ ಮುಖವನ್ನು ತಿಂಗಳುಗಟ್ಟಲೆ ನೋಡಿದರೆ ಅದು ನಮ್ಮನ್ನು ನೋಡಲಿಕ್ಕೆ ಶುರು ಮಾಡುತ್ತದೆ ಅಂಕಲ್. ಪರೀಕ್ಷೆಯ ದಿನ ನಾನು ಯಾರಿಗೂ ಕಾಣದ ಹಾಗೆ ಅದರ ಮುಂದೆ ಒಂದು ಚೆಂಡು ಹೂ ಇಟ್ಟೆ. ಅಲ್ಲಿಂದ ಶುರು. ಆಮೇಲೆ ಗೊತ್ತಾಯಿತು, ಈ ದೇವರುಗಳನ್ನು ಈಗಲೂ ಪೂಜಿಸುವವರು ಲೋಕದ ತುಂಬ ಇದ್ದಾರೆ. ಗ್ರೀಸಿನಲ್ಲಿ ಸ್ವಲ್ಪ, ಬೇರೆ ದೇಶಗಳಲ್ಲಿ ಸ್ವಲ್ಪ. ಫೋನಿನಲ್ಲೇ ಸೇರುತ್ತೇವೆ, ಹಳೆಯ ಸ್ತೋತ್ರ ಓದುತ್ತೇವೆ, ಹಾಲು ಜೇನು ಇಡುತ್ತೇವೆ. ಅಮ್ಮ ‘ನಮ್ಮ ದೈವಗಳು ಸತ್ತು ಹೋದವಾ’ ಎಂದು ಕೇಳಿದ್ದುಂಟು. ನಮ್ಮ ದೈವಗಳು ಊರಿನವು, ಜಾಗದವು. ನಾನು ಆ ಜಾಗದಲ್ಲಿ ಹುಟ್ಟಿದವನಲ್ಲ. ಲೋಕಲ್ ಟ್ರೇನು ಗೊತ್ತಿರುವ ಒಬ್ಬ ದೇವರು ನನಗೆ ಬೇಕಿತ್ತು.

ಅಭಿಗೆ ಇದೆಲ್ಲ ತಮಾಷೆ. ‘ನಿನ್ನ ದೇವರ ಹತ್ರ ಪಾಸ್ ಇದ್ಯೇನೋ, ಇಲ್ಲಾ ವಿದೌಟ್ ಟಿಕೆಟ್ಟಾ?’ ಎಂದು ಕೇಳುತ್ತಿದ್ದ. ಹೋದ ವರ್ಷ ಅವನ ಹುಟ್ಟುಹಬ್ಬಕ್ಕೆ ಆ ಚಿತ್ರ ಕೊಟ್ಟೆ. ಪ್ರಯಾಣಕ್ಕೆ ಒಳ್ಳೆಯದು ಎಂದೆ. ‘ಕಾರ್ಡ್ ಬಾಗದೇ ಇರೋಕೆ ಹಿಂದೆ ಏನಾದ್ರೂ ಗಟ್ಟಿ ಬೇಕಿತ್ತು’ ಎಂದು ಅಲ್ಲಿ ಸೇರಿಸಿದ. ನಂಬಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ಇನ್ನೊಂದು ಕೆಲಸವೂ ಆ ದೇವರದ್ದೇ. ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆದರೆ ನೀವು ‘ಯಾರು’ ಎಂದು ಕೇಳಿದ್ದೀರಿ, ಅರ್ಧ ಹೇಳಿ ನಿಲ್ಲಿಸಿದರೆ ಸರಿಯಾಗುವುದಿಲ್ಲ. ಸತ್ತವರನ್ನು ಆಚೆಗೆ ಕರೆದುಕೊಂಡು ಹೋಗುವವನೂ ಅವನೇ.

ರುಕ್ಮಿಣಿ ಆಂಟಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ವಿಶ್ರುತ

*

ಕೋಪರಖೈರಣೆ
3 ನವೆಂಬರ್ 2024

ಚಿ. ವಿಶ್ರುತನಿಗೆ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ. ದೀಪಾವಳಿಗೆ ಈ ಸಲ ನಮ್ಮಲ್ಲಿ ದೀಪವಿಲ್ಲ, ಹಬ್ಬವಿಲ್ಲ. ಎಲ್ಲರೂ ಪಟಾಕಿ ಹೊಡೆಯುವಾಗ ನಾನು ಕಂಪ್ಯೂಟರಿನ ಮುಂದೆ ಕೂತು ನಿನ್ನ ದೇವರನ್ನು ಹುಡುಕಿದೆ.

ಅಥೆನ್ಸಿನಲ್ಲಿ ಒಂದು ಅಮೃತಶಿಲೆಯ ಹೂಜಿ ಇದೆಯಂತೆ, ಯಾರದೋ ಸಮಾಧಿಯ ಮೇಲೆ ಇಟ್ಟಿದ್ದದ್ದು. ಅದರ ಮೇಲಿನ ಕೆತ್ತನೆಯಲ್ಲಿ ಆ ದೇವರು ಒಬ್ಬ ಸತ್ತ ಹೆಣ್ಣುಮಗಳ ಕೈ ಹಿಡಿದಿದ್ದಾನೆ. ನೀನು ನೋಡಿರಬೇಕು. ಅವಳನ್ನು ಎಳೆಯುತ್ತಿಲ್ಲ. ದಾರಿ ದಾಟಿಸುವಾಗ ಹಿಡಿಯುವಂತೆ ಹಿಡಿದಿದ್ದಾನೆ. ಅವಳ ಮುಖದಲ್ಲಿ ಭಯ ಇಲ್ಲ.

ನಾನು ಮೈಸೂರಿನಲ್ಲಿ ಬೆಳೆದವನು. ಯಮನನ್ನು ಕ್ಯಾಲೆಂಡರಿನಲ್ಲಿ ಕಂಡಿದ್ದೇನೆ: ಕೋಣ, ಪಾಶ, ಮೀಸೆ. ಅಭಿ ಹೋದ ಮೇಲಿನ ದಿನಗಳಲ್ಲಿ ಪುರೋಹಿತರು ಜೀವ ನಡೆಯುವ ದಾರಿಯನ್ನು ಓದಿ ಹೇಳಿದರು. ಕಾದ ಮರಳು, ಕೀವಿನ ನದಿ. ಬೇರೆಯವರ ಮನೆಯ ಸಾವಿನಲ್ಲಿ ಇದನ್ನೇ ತಲೆದೂಗಿ ಕೇಳಿದ್ದೆ. ಈ ಸಲ ನನ್ನ ಮಗ ಅದರ ಮೇಲೆ ಬರಿಗಾಲಿನಲ್ಲಿ ನಡೆಯುತ್ತಿದ್ದ. ಎದ್ದು ಹೊರಗೆ ಹೋಗಿಬಿಟ್ಟೆ. ಎಲ್ಲರೂ ಬಾತ್‌ರೂಮಿಗೆ ಹೋದೆ ಅಂದುಕೊಂಡರು.

ನನ್ನ ಎದೆಯಲ್ಲಿ ಕೂತಿರುವುದನ್ನು ನಿನಗೆ ಹೇಳುತ್ತೇನೆ. ಅವನು ಬಿದ್ದ ಮೇಲೆ ಸ್ವಲ್ಪ ಹೊತ್ತು ಜೀವ ಇತ್ತಂತೆ. ಆ ಹೊತ್ತಿನಲ್ಲಿ ಯಾರಾದರೂ ಹತ್ತಿರ ಇದ್ದರೇ ಎಂದು ಪೊಲೀಸಿನವನನ್ನು ಕೇಳಿದೆ. ‘ಕೋಣೀ ನವ್ಹತಂ, ಕಾಕಾ’ ಅಂದ. ಯಾರೂ ಇರಲಿಲ್ಲ. ಅವನೇನೂ ಕಟುವಾಗಿ ಹೇಳಲಿಲ್ಲ. ಆದರೆ ಆ ಎರಡು ಮಾತು ನನ್ನನ್ನು ಬಿಡುತ್ತಿಲ್ಲ. ಮಗುವಾಗಿದ್ದಾಗ ಜಾತ್ರೆಯಲ್ಲಿ, ಮಾರ್ಕೆಟ್ಟಿನಲ್ಲಿ ಒಂದು ಕ್ಷಣವೂ ಅವನ ಕೈ ಬಿಟ್ಟವನಲ್ಲ ನಾನು.

ಈಗ ನೀನು, ಒಬ್ಬ ಇದ್ದ ಎನ್ನುತ್ತಿದ್ದೀಯ.

ಅವನನ್ನು ಹೇಗೆ ಪೂಜಿಸಬೇಕು, ತಿಳಿಸು. ಮತ್ತೆ ಒಂದು ಕೋರಿಕೆ. ಆ ಹೂಜಿಯ ಮೇಲಿರುವಂತೆ ಒಂದು ಚಿತ್ರ ನನಗೆ ಬೇಕು, ದೊಡ್ಡದು. ಆ ಹೆಣ್ಣುಮಗಳ ಜಾಗದಲ್ಲಿ ಅಭಿ ಇರಬೇಕು. ಅವನನ್ನು ಕಂಡ ಚಿತ್ರಗಾರ ನೀನೊಬ್ಬನೇ.

ನಿನ್ನನ್ನೇ ನೆಚ್ಚಿರುವ
ಲಕ್ಷ್ಮೀಕಾಂತ

*

ಕೋಪರಖೈರಣೆ
25 ನವೆಂಬರ್ 2024

ವಿಶ್ರುತಾ,

ನಾನು ರುಕ್ಮಿಣಿ ಆಂಟಿ. ಇವರು ಔಷಧಿ ತರಲು ಹೋಗಿದ್ದಾರೆ, ಅಷ್ಟರಲ್ಲಿ ಬರೆದು ಮುಗಿಸಬೇಕು.

ಚಿತ್ರ ಬರೆಯಬೇಡಪ್ಪ.

ಮನೆಯಲ್ಲಿ ಏನಾಗಿದೆ ಎಂದು ನಿನಗೆ ಗೊತ್ತಿರಲಾರದು. ಬಾಲ್ಕನಿಯಲ್ಲಿ ನನ್ನ ತುಳಸಿಯ ಪಕ್ಕ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಆ ಸಣ್ಣ ಚಿತ್ರ ನಿಲ್ಲಿಸಿದ್ದಾರೆ. ಬೆಳಗ್ಗೆ ಸ್ನಾನ ಮಾಡಿ ಮಂಡಿಯೂರಿ ಕೂತು ಹಾಲು ಜೇನು ಕಲಸಿ ಕುಂಡದ ಮಣ್ಣಿಗೆ ಸುರಿಯುತ್ತಾರೆ. ಇರುವೆ ತುಂಬಿಕೊಂಡಿವೆ. ನೀನು ಕಳಿಸಿದ ಸ್ತೋತ್ರವನ್ನು ತಾವೇ ಕನ್ನಡಕ್ಕೆ ಮಾಡಿಕೊಂಡು ಹೇಳುತ್ತಾರೆ. ಸಂಧ್ಯಾವಂದನೆ ಬಿಟ್ಟಿದ್ದಾರೆ. ಬೇಲಾಪುರದ ಬ್ಯಾಂಕಿಗೆ ರಾಜೀನಾಮೆ ಕೊಟ್ಟಿದ್ದಾರೆ, ಅದನ್ನು ನನಗೆ ಹೇಳಿದ್ದು ಆಮೇಲೆ. ಇಷ್ಟಾದರೂ ನಾನು ಸುಮ್ಮನಿದ್ದೆ. ಆ ಪೂಜೆ ಮಾಡಿದ ದಿನ ಸರಿಯಾಗಿ ಊಟ ಮಾಡುತ್ತಾರೆ. ಹಾಗಾಗಿ ಇರುವೆ ನಾನೇ ಗುಡಿಸುತ್ತೇನೆ.

ಚಿತ್ರ ಮಾತ್ರ ಬೇಡ. ಅವರು ಗೋಡೆ ಅಳತೆ ಮಾಡುತ್ತಿದ್ದರು. ‘ಎಲ್ಲಿಗೆ?’ ಅಂದೆ. ‘ಸೋಫಾ ಎದುರಿಗೆ. ಅಭಿ ಹೋಗ್ತಿರೋದು ಕಾಣ್ಬೇಕು, ಯಾರ ಜೊತೆ ಹೋದ ಅಂತ ಕಾಣ್ಬೇಕು’ ಅಂದರು. ನನಗೆ ಅದು ಕಾಣುವುದು ಬೇಡ. ಕೈ ಹಿಡಿದವನು ದೇವರಾದರೇನು, ಯಾರಾದರೇನು, ಅವನು ಕರೆದುಕೊಂಡು ಹೋಗುತ್ತಿರುವುದು ನನ್ನ ಮಗನನ್ನು. ಅಭಿ ಒಂದು ಸಲ ಹೋದದ್ದು ಸಾಕು. ನಾನು ಕಾಫಿ ಕುಡಿಯುವಾಗ, ಸೊಪ್ಪು ಬಿಡಿಸುವಾಗ, ನನ್ನ ಕಣ್ಣೆದುರು ದಿನವೂ ಹೋಗುವುದು ಬೇಡ.

ಒಂದು ಕೇಳುತ್ತೇನೆ. ನಾನೂ ಫೋನಿನಲ್ಲಿ ಹುಡುಕಿದೆ. ಅವನು ಕಳ್ಳರಿಗೂ ದೇವರಂತೆ, ಹೌದೇ? ಇದನ್ನು ನಿಮ್ಮ ಅಂಕಲ್‌ಗೆ ನೀನು ಯಾಕೆ ಬರೆಯಲಿಲ್ಲ?

ನಿಮ್ಮ ಅಮ್ಮನನ್ನು ಕೇಳಿದೆ ಎಂದು ಹೇಳು. ಗುರುವಾರ ಅವರು ಮಾಡಿಡುತ್ತಿದ್ದ ನೀರುದೋಸೆಯ ವಿಷಯ ಅವನು ಬಂದು ವರ್ಣಿಸುತ್ತಿದ್ದ.

ರುಕ್ಮಿಣಿ

*

ಡೊಂಬಿವಲಿ ಪೂರ್ವ
8 ಡಿಸೆಂಬರ್ 2024

ರುಕ್ಮಿಣಿ ಆಂಟಿಗೆ ನಮಸ್ಕಾರ.

ಇದನ್ನು ನಿಮ್ಮ ಪಕ್ಕದ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಂಕಲ್ ಕೈಗೆ ಸಿಗಬಾರದು.

ಚಿತ್ರ ಬಿಡಿಸುವುದಿಲ್ಲ. ಮಾತು ಕೊಡುತ್ತೇನೆ. ನಿಜ ಹೇಳಬೇಕೆಂದರೆ ಕೂತು ನೋಡಿದೆ, ಆಗಲಿಲ್ಲ. ಅಭಿಯ ಮುಖ ಎಷ್ಟು ಸಲ ಗೀಚಿದ್ದೇನೋ, ಹೋಟೆಲಿನ ಬಿಲ್ಲಿನ ಹಿಂದೆ, ನೋಟ್‌ಬುಕ್ಕಿನಲ್ಲಿ. ಈಗ ಪೆನ್ಸಿಲು ಅವನ ಕಣ್ಣಿನ ಹತ್ತಿರ ಬಂದು ನಿಲ್ಲುತ್ತದೆ.

ಕಳ್ಳರಿಗೂ ಅವನೇ ದೇವರು. ಹೌದು. ಬರೆಯಲಿಲ್ಲ.

ನಿಮಗೆ ಒಬ್ಬರಿಗೆ ಹೇಳುತ್ತೇನೆ ಆಂಟಿ. ಜೂನಿನಿಂದ ಈಚೆಗೆ ನಾನು ಅವನ ಮುಂದೆ ದೀಪ ಹಚ್ಚಿಲ್ಲ. ನಾನೇ ಮಾಡಿದ ಪ್ಲಾಸ್ಟರ್ ಮೂರ್ತಿ ಇತ್ತು, ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲೆ ಹಾಕಿದೆ. ಪ್ರಯಾಣಿಕರನ್ನು ಕಾಯುವವನು ಎಂದು ನಾನೇ ಅಭಿಯ ಕೈಗೆ ಆ ಚಿತ್ರ ಕೊಟ್ಟಿದ್ದೆನಲ್ಲ. ಕಾಯಲಿಲ್ಲ. ಕಾಯದವನು ಆಮೇಲೆ ಬಂದು ಕೈ ಹಿಡಿದ ಎಂದು ನಂಬಲು ನನಗೆ ಆಗುವುದಿಲ್ಲ. ದಿನಾ ಘಣಸೋಲಿಯ ಆಫೀಸಿಗೆ ಅದೇ ದಾರಿಯಲ್ಲಿ ಹೋಗುತ್ತೇನೆ. ದಿವಾ, ಕೋಪರ್ ಸ್ಟೇಷನ್ನುಗಳ ನಡುವೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಅಂಕಲ್ ಪತ್ರದಲ್ಲಿ ಪೂಜೆಯ ವಿಧಾನ ಕೇಳುತ್ತಾರೆ. ನಾನು ಗೊತ್ತಿದ್ದಷ್ಟು ಬರೆಯುತ್ತೇನೆ, ಅಡುಗೆ ಹೇಳಿಕೊಟ್ಟ ಹಾಗೆ. ನಾನು ಬಿಟ್ಟದ್ದನ್ನು ಅವರು ಹಿಡಿದುಕೊಂಡಿದ್ದಾರೆ. ‘ಬಿಡಿ ಅಂಕಲ್, ಅದರಲ್ಲಿ ಏನೂ ಇಲ್ಲ’ ಎಂದು ಹೇಗೆ ಬರೆಯಲಿ? ಬರೆದರೆ ಅವರ ಕೈಯಲ್ಲಿ ಏನು ಉಳಿಯುತ್ತದೆ? ನಿಮಗೆ ಏನಾದರೂ ತೋಚಿದರೆ ತಿಳಿಸಿ.

ವಿಶ್ರುತ

*

ಕೋಪರಖೈರಣೆ
16 ಫೆಬ್ರವರಿ 2025

ಚಿ. ವಿಶ್ರುತನಿಗೆ,

ಡಿಸೆಂಬರಿನಲ್ಲಿ ಬರೆದೆ, ಸಂಕ್ರಾಂತಿಗೆ ಬರೆದೆ, ಎರಡಕ್ಕೂ ನಿನ್ನಿಂದ ಚಿತ್ರದ ಮಾತಿಲ್ಲ. ಅವಸರ ಮಾಡುತ್ತಿದ್ದೇನೆ ಎಂದು ತಿಳಿಯಬೇಡ. ಕೆಲಸ ಇರುತ್ತದೆ, ಬಲ್ಲೆ.

ಹೋದ ವಾರ ನೀನು ಹೇಳಿದ ಕಾಳುಗಳ ದಿನ ಬಂತು. ಆ ದಿನ ಸತ್ತವರೆಲ್ಲ ಮೇಲೆ ಬರುತ್ತಾರೆ, ಬಗೆಬಗೆಯ ಕಾಳುಗಳನ್ನು ಜೇನಿನಲ್ಲಿ ಬೇಯಿಸಿ ಹರ್ಮಿಸನಿಗೆ ಇಡಬೇಕು, ಬದುಕಿರುವವರು ಅದನ್ನು ತಿನ್ನಬಾರದು ಎಂದು ಬರೆದಿದ್ದೆಯಲ್ಲ. ಓದಿದಾಗ ನಗು ಬಂತು, ಇದು ನಮ್ಮ ಗುಗ್ಗರಿಯೇ. ಕಡಲೆ, ಅಲಸಂದೆ, ಹೆಸರು, ಗೋಧಿ ನೆನೆಸಿದೆ. ಕುಕ್ಕರ್ ಕೂಗುವಾಗ ರುಕ್ಮಿಣಿ ಅಡುಗೆಮನೆಗೆ ಬಂದಳು. ‘ಯಾರಿಗೆ ಇದು?’ ಎಂದಳು. ‘ಅಭಿಗೆ’ ಎಂದೆ. ‘ಅಭಿಗೆ ಅಲಸಂದೆ ಆಗ್ತಿರ್ಲಿಲ್ಲ. ಅಷ್ಟೂ ಮರೆತ್ರಾ?’ ಎಂದಳು. ನಾನು ನಿಜವಾಗಿ ಮರೆತಿದ್ದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಾರನೆಯ ದಿನ ಮೈಸೂರಿಗೆ, ತಂಗಿ ಸಂಯುಕ್ತಾಳ ಮನೆಗೆ ಹೋದಳು. ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಿದ್ದಾಳೆ.

ಈಗ ಮನೆಯಲ್ಲಿ ನಾನೊಬ್ಬ. ಒಬ್ಬನೇ ಇರುವಾಗ ಕೆಟ್ಟ ಯೋಚನೆ ಬರುತ್ತದೆ. ಹಾಲು ಸುರಿಯುತ್ತಾ, ಇದೆಲ್ಲ ನನಗೆ ನಾನೇ ಕಟ್ಟಿಕೊಂಡದ್ದೋ ಎನಿಸುತ್ತದೆ. ಆಗ ಆ ಪೊಲೀಸಿನವನ ಮಾತು ಮತ್ತೆ ಕೇಳುತ್ತದೆ.

ನೀನು ನನಗಿಂತ ಮೊದಲು ಅವನನ್ನು ಬಲ್ಲವನು. ವರ್ಷಗಟ್ಟಲೆ ಅವನ ಮುಖ ನೋಡಿದವನು. ನೇರ ಕೇಳುತ್ತೇನೆ, ಸಂಕೋಚ ಬೇಡ. ಅಭಿಯ ಕೈಯನ್ನು ಅವನು ಹಿಡಿದಿದ್ದನೇ? ಹೌದು ಅಥವಾ ಇಲ್ಲ, ಒಂದು ಮಾತು ಬರೆ. ನೀನು ಇಲ್ಲ ಎಂದರೂ ನಾನು ತಡೆದುಕೊಳ್ಳುತ್ತೇನೆ.

ಲಕ್ಷ್ಮೀಕಾಂತ

*

ಡೊಂಬಿವಲಿ ಪೂರ್ವ
9 ಮಾರ್ಚ್ 2025

ಅಂಕಲ್,

ಹೌದು. ಹಿಡಿದಿದ್ದ.

ಚಿತ್ರ ಶುರು ಮಾಡಿದ್ದೇನೆ. ಬೇಸಿಗೆಯಲ್ಲಿ ತಂದು ಕೊಡುತ್ತೇನೆ. ದಯವಿಟ್ಟು ಸರಿಯಾಗಿ ಊಟ ಮಾಡಿ.

ವಿಶ್ರುತ

*

ಕೋಪರಖೈರಣೆ
22 ಜೂನ್ 2025

ಚಿ. ವಿಶ್ರುತನಿಗೆ,

ವರ್ಷಾಬ್ದಿಕ ಮುಗಿಯಿತು. ರುಕ್ಮಿಣಿ ಅದಕ್ಕೆಂದು ಬಂದವಳು ಉಳಿದಿದ್ದಾಳೆ. ಚಿತ್ರವನ್ನು ನೋಡಿದಳು. ಸೋಫಾವನ್ನು ಬೇರೆ ಕಡೆ ತಿರುಗಿಸಿದಳು, ಅಷ್ಟೆ.

ನೀನು ಅದನ್ನು ತಂದು ಕೊಟ್ಟ ದಿನ ಗೋಡೆಗೆ ತೂಗುಹಾಕುವುದರಲ್ಲೇ ಹೊತ್ತು ಹೋಯಿತು. ಈಗ ಬರೆಯುತ್ತೇನೆ. ದೇವರ ಮುಖ ನಮ್ಮ ಕಡೆ ಅರ್ಧ ತಿರುಗಿದೆ. ಅಭಿಯ ಬೆನ್ನು ಮಾತ್ರ ಕಾಣುತ್ತದೆ: ಆ ನೀಲಿ ಅಂಗಿ, ಒಂದೇ ಹೆಗಲಿಗೆ ಹಾಕಿದ ಬ್ಯಾಗು, ಕತ್ತಿನ ಹಿಂದೆ ಸುಳಿ ಬಿದ್ದ ಕೂದಲು. ಮೊದಲು ನಿರಾಸೆಯಾಯಿತು. ಮುಖವನ್ನು ಯಾಕೆ ಬರೆಯಲಿಲ್ಲ ಎಂದುಕೊಂಡೆ. ದಿನಾ ನೋಡುತ್ತಾ ನೋಡುತ್ತಾ ಅರ್ಥವಾಯಿತು. ಹೋಗುವವರ ಬೆನ್ನು ಕಾಣುತ್ತದೆ. ಮುಖ ಕಾಣುವುದು ಬರುವಾಗ.

ಈ ನಡುವೆ ನಾನು ಬಹಳ ಓದಿದೆ. ನೀನು ಯಾವತ್ತೂ ಹೇಳದ ಒಂದು ಕಥೆ ಸಿಕ್ಕಿತು. ಒಬ್ಬ ದೇವಿಯ ಮಗಳು ಹೂ ಕೀಳುತ್ತಿದ್ದಾಗ ಭೂಮಿ ಬಾಯಿಬಿಟ್ಟು ಪಾತಾಳದ ದೊರೆ ಅವಳನ್ನು ಎತ್ತಿಕೊಂಡು ಹೋದ. ತಾಯಿ ಅನ್ನ ನೀರು ಬಿಟ್ಟು ಅಲೆದಳು. ಆಗ ಕೆಳಕ್ಕೆ ಇಳಿದು ಮಗಳನ್ನು ರಥದಲ್ಲಿ ಕೂರಿಸಿ ಮೇಲೆ ಕರೆತಂದವನು ಯಾರು? ಇವನೇ. ಅದರ ಚಿತ್ರಗಳೂ ಇವೆ. ಹಳೆಯ ಕುಡಿಕೆಯೊಂದರ ಮೇಲೆ ಹುಡುಗಿ ನೆಲದಿಂದ ಮೇಲೆ ಬರುತ್ತಿದ್ದಾಳೆ, ಇವನು ಪಕ್ಕದಲ್ಲಿ ನಿಂತಿದ್ದಾನೆ.

ಕರೆದುಕೊಂಡು ಹೋದವನಿಗೆ ದಾರಿ ಗೊತ್ತು. ವಾಪಸು ಬರುವ ದಾರಿ ಬೇರೆ ಇರುತ್ತದೆಯೇ?

ಸಂಜೆ ಹೊತ್ತು ಇಲ್ಲಿನ ಸ್ಟೇಷನ್ನಿಗೆ ಹೋಗಿ ಕೂರುತ್ತೇನೆ. ವಾಕಿಂಗ್ ಆದಂತಾಯಿತು.

ಲಕ್ಷ್ಮೀಕಾಂತ

*

ಡೊಂಬಿವಲಿ ಪೂರ್ವ
29 ಜೂನ್ 2025

ಅಂಕಲ್,

ನಿನ್ನೆ ಸ್ಟೇಷನ್ನಿನ ಬೆಂಚಿನಲ್ಲಿ ನಿಮ್ಮ ಪಕ್ಕ ಕೂತು ಇದನ್ನೆಲ್ಲ ಬಾಯಲ್ಲಿ ಹೇಳಬೇಕೆಂದೇ ಬಂದಿದ್ದೆ. ಐರೋಲಿ ದಾಟಿ ಬರುವ ಠಾಣೆಯ ಗಾಡಿ ಬಂತು. ನೀವು ಎದ್ದು ಒಂದೊಂದೇ ಬಾಗಿಲು ನೋಡುತ್ತಾ ನಡೆದಿರಿ. ಗಾಡಿ ಹೋದ ಮೇಲೆ ಬಂದು ಕೂತು ‘ಮುಂದಿನದ್ರಲ್ಲಿ ನೋಡೋಣ’ ಅಂದಿರಿ, ನನಗೆ ಚಹಾ ಕೊಡಿಸಿದಿರಿ. ನಾನು ಅದನ್ನು ಕುಡಿದು ವಾಪಸು ಬಂದುಬಿಟ್ಟೆ.

ಆ ಹುಡುಗಿ ಬಂದದ್ದು ಕಥೆ. ಅವಳು ದೇವರ ಮಗಳು, ಸತ್ತವಳಲ್ಲ. ಮನುಷ್ಯರು ಯಾರೂ ಹಾಗೆ ಬಂದಿಲ್ಲ. ಹಳೆಯ ಗ್ರೀಕರು ಕೂಡ ತಮ್ಮ ಮಕ್ಕಳು ಬರುತ್ತಾರೆಂದು ಕಾದವರಲ್ಲ. ಅದಕ್ಕೇ ಸಮಾಧಿಯ ಮೇಲೆ ಹೂಜಿ ಇಟ್ಟರು. ಮುಖ ಬಿಡಿಸದೆ ಇದ್ದದ್ದಕ್ಕೂ ಅರ್ಥ ಏನಿಲ್ಲ. ನನಗೆ ಅವನ ಕಣ್ಣು ಬರೆಯಲು ಆಗಲಿಲ್ಲ.

ಮಾರ್ಚಿನಲ್ಲಿ ನಾನು ‘ಹೌದು’ ಎಂದು ಬರೆದದ್ದು ನಿಮಗೆ ಒಂದಿಷ್ಟು ನಿದ್ದೆ ಬರಲಿ ಎಂದು. ನನಗೆ ಏನೂ ಗೊತ್ತಿಲ್ಲ. ಅಭಿ ಹೋದಂದಿನಿಂದ ನನಗೆ ಆ ದೇವರಲ್ಲಿ ನಂಬಿಕೆ ಇಲ್ಲ. ನಿಮಗೆ ನಾನು ಹೇಳಿದ್ದು ಸುಳ್ಳು.

ಬಯ್ಯಿರಿ, ಚಿತ್ರವನ್ನು ಹರಿದು ಹಾಕಿ. ಸ್ಟೇಷನ್ನಿಗೆ ಮಾತ್ರ ಹೋಗಬೇಡಿ.

ವಿಶ್ರುತ

*

ಕೋಪರಖೈರಣೆ
6 ಜುಲೈ 2025

ಚಿ. ವಿಶ್ರುತನಿಗೆ,

ನಿನ್ನ ಮೇಲೆ ಕೋಪ ಇಲ್ಲ, ಮಗು. ನಂಬಿಕೆ ಹೋಯಿತು ಎಂದು ಬರೆದಿದ್ದೀಯ. ನನಗೂ ಮೈಸೂರಿನ ಬೆಟ್ಟದ ತಾಯಿಯ ಮೇಲಿದ್ದದ್ದು ಹೋಗಿತ್ತು. ನಿನಗೆ ಮತ್ತೆ ಬರುತ್ತದೆ, ಒತ್ತಾಯ ಮಾಡಿಕೊಳ್ಳಬೇಡ.

ಆದರೆ ಸುಳ್ಳು ಹೇಳಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಿತ್ರದಲ್ಲಿ ಆ ಕೈಯನ್ನು ನೋಡು. ಅಭಿಯ ಮಣಿಕಟ್ಟಿನ ಮೇಲೆ ಅವನ ಹೆಬ್ಬೆರಳು ಹೇಗೆ ಕೂತಿದೆ ಎಂದು ನೋಡು. ನಂಬದವನ ಕೈಯಲ್ಲಿ ಅದು ಮೂಡುವುದಿಲ್ಲ.

ಮಳೆ ಜೋರಾಗಿದೆ. ಗಾಡಿಗಳು ತಡವಾಗಿ ಬರುತ್ತಿವೆ. ನೀನು ಬಾಗಿಲಲ್ಲಿ ನಿಲ್ಲಬೇಡ.

ಲಕ್ಷ್ಮೀಕಾಂತ

*

ಕೋಪರಖೈರಣೆ
24 ಆಗಸ್ಟ್ 2025

ವಿಶ್ರುತಾ,

ನೀನು ಮೂರು ಸಲ ಫೋನ್ ಮಾಡಿದ್ದೆ. ಎತ್ತಲಿಲ್ಲ. ಅವರ ಹಾಗೆ ನನಗೂ ಈಗ ಬರೆಯುವುದೇ ಸುಲಭವಾಗಿದೆ.

ಬಿಡಿಸುವುದಿಲ್ಲ ಎಂದು ಮಾತು ಕೊಟ್ಟೂ ಚಿತ್ರ ಬರೆದೆ ಎಂದು ನನಗೆ ಬೇಸರವಿದೆ ಅಂದುಕೊಂಡಿದ್ದೀಯ. ಇಲ್ಲ. ಆ ಮನುಷ್ಯ ಹಾಗೆ ಕೇಳಿದ್ದಕ್ಕೆ ಇಲ್ಲ ಎನ್ನಲು ನನಗೂ ಆಗುತ್ತಿರಲಿಲ್ಲ. ಸೋಫಾವನ್ನು ನಾನೇ ಮೊದಲಿನ ಹಾಗೆ ಚಿತ್ರದ ಕಡೆ ತಿರುಗಿಸಿದ್ದೇನೆ. ಮಧ್ಯಾಹ್ನ ಅವರನ್ನು ಅಲ್ಲಿ ಕೂರಿಸಿ, ‘ನೋಡಿ, ಅವನು ಹೊರಟು ಹೋಗ್ತಿದಾನೆ, ಹಿಂತಿರುಗಿ ನೋಡ್ತಿಲ್ಲ’ ಎನ್ನುತ್ತೇನೆ. ಯಾವ ಮಾತನ್ನು ಕೇಳಬಾರದು ಎಂದು ಊರು ಬಿಟ್ಟು ಹೋಗಿದ್ದೆನೋ ಅದನ್ನೇ ನನ್ನ ಬಾಯಲ್ಲಿ ಹೇಳುತ್ತೇನೆ. ಅವರು ‘ಹೌದು, ಹೋಗ್ತಿದಾನೆ’ ಎಂದು ಒಪ್ಪುತ್ತಾರೆ. ಸಂಜೆಯಾದರೆ ಚಪ್ಪಲಿ ಮೆಟ್ಟುತ್ತಾರೆ.

ವಾಶಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯವರು. ಮಾತ್ರೆ ಬರೆದುಕೊಟ್ಟರು, ಸಮಯ ಬೇಕು ಎಂದರು. ಇವರು ಮರೆಯದೆ ತೆಗೆದುಕೊಳ್ಳುತ್ತಾರೆ. ಈಗ ಊಟ ಸೇರುತ್ತದೆ, ರಾತ್ರಿ ಮಲಗುತ್ತಾರೆ. ಕಾಯುವುದು ಮಾತ್ರ ನಿಂತಿಲ್ಲ.

ಬಾಗಿಲಿಗೆ ಬೀಗ ಹಾಕಿ ನೋಡಿದೆ. ಜಗಳ ಮಾಡಲಿಲ್ಲ. ಬಾಗಿಲ ಹಿಂದೆ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದರು, ಶಾಲೆಗೆ ಹೊರಟ ಮಗು ನಿಂತ ಹಾಗೆ. ನಾನೇ ತೆಗೆದೆ.

ಹೋದ ತಿಂಗಳು ಒಂದು ಸಂಜೆ ಮಳೆ ಬಿಡಲಿಲ್ಲ, ಅವರು ಬರಲಿಲ್ಲ. ಕೊಡೆ ಹಿಡಿದು ಸ್ಟೇಷನ್ನಿಗೆ ಹೋದೆ. ಅಲ್ಲಿ ಡ್ಯೂಟಿ ಮಾಡುವ ಒಬ್ಬ ಹೋಮ್‌ಗಾರ್ಡ್ ಹುಡುಗಿ ಇದ್ದಾಳೆ, ಇವರ ಜೊತೆ ನಿಂತಿದ್ದಳು. ‘ಕಾಕಾ, ರೋಜ್ ಕೋಣಾಚೀ ವಾಟ್ ಬಘತಾ?’ ಎಂದು ಕೇಳುತ್ತಿದ್ದಳು, ದಿನಾ ಯಾರಿಗೆ ಕಾಯುತ್ತೀರಿ ಎಂದು. ಇವರು ‘ಮುಲಗಾ ಯೇಣಾರ್ ಆಹೇ’ ಎಂದರು. ಮಗ ಬರುವವನಿದ್ದಾನೆ. ಎಷ್ಟು ಸಹಜವಾಗಿ ಹೇಳಿದರೆಂದರೆ, ಆ ಹುಡುಗಿ ನನ್ನ ಕಡೆ ತಿರುಗಿ ‘ಮುಂಬಯಿಹೂನ್ ಯೇತೋ ಕಾ, ಕಾಕೂ?’ ಎಂದಳು, ಮುಂಬಯಿಯಿಂದ ಬರುತ್ತಾನಾ ಎಂದು. ನಾನು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಇವರು ನನ್ನ ಮುಖ ನೋಡುತ್ತಿದ್ದರು. ನಾನು ‘ಐರೋಲಿಹೂನ್’ ಎಂದೆ.

ಆ ಹುಡುಗಿ ನನಗೂ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

ಅಂದಿನಿಂದ ನಾನೂ ಜೊತೆಗೆ ಹೋಗುತ್ತೇನೆ. ಒಬ್ಬರೇ ಹೋದರೆ ಪ್ಲಾಟ್‌ಫಾರ್ಮಿನ ಅಂಚಿಗೆ ಬಹಳ ಹತ್ತಿರ ನಿಲ್ಲುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗುತ್ತೇನೆ. ಬೇರೆ ಏನು ಮಾಡಲಿ ಹೇಳು. ಸಂಯುಕ್ತಾ, ಮೈಸೂರಿಗೆ ಬಂದುಬಿಡಿ ಎನ್ನುತ್ತಾಳೆ. ಇವರು, ಅಭಿಗೆ ಆ ಮನೆ ಗೊತ್ತಿಲ್ಲ ಎನ್ನುತ್ತಾರೆ.

ನಿನ್ನನ್ನು ನೀನು ಸುಟ್ಟುಕೊಳ್ಳಬೇಡ. ಗುರುವಾರ ನಿಮ್ಮಮ್ಮ ದೋಸೆ ಹೊಯ್ದರೆ ಕೂತು ತಿನ್ನು. ಬಂದು ಹೋಗು ಎಂದು ಹೇಳಲು ಮನಸ್ಸಿದೆ, ಆದರೆ ನಿನ್ನನ್ನು ಕಂಡರೆ ಅವರು ನಿನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕುತ್ತಾರೆ. ಹಾಗಾಗಿ ಸದ್ಯಕ್ಕೆ ಬೇಡ.

ನಿನ್ನೆ ಠಾಣೆಯ ಕಡೆಯಿಂದ ಗಾಡಿ ಬಂದು ನಿಂತಿತು. ಆಫೀಸು ಬಿಡುವ ಹೊತ್ತು, ತುಂಬ ಜನ. ಇವರು ಎದ್ದು ಎಂದಿನಂತೆ ಮುಂದಿನ ಡಬ್ಬಿಗಳ ಕಡೆ ಹೋದರು. ಅಷ್ಟು ಜನರಲ್ಲಿ ಹಿಂದಿನ ಡಬ್ಬಿಗಳಿಂದ ಇಳಿಯುವವರು ಅವರಿಗೆ ಕಾಣುವುದಿಲ್ಲ. ಫ್ಲಾಸ್ಕನ್ನು ಬೆಂಚಿನ ಮೇಲೆ ಬಿಟ್ಟು, ನಾನು ಆ ಕಡೆ ಹೋಗಿ ನಿಂತು ಇಳಿಯುವವರ ಮುಖಗಳನ್ನು ನೋಡಿದೆ.

ರುಕ್ಮಿಣಿ ಆಂಟಿ